ಎಪ್ಪತ್ತರಲ್ಲಿ ಉಳಿದವಳು

ಬಹಳ ಹಿಂದೆ, ಈಗಿನ ಯಾವ ದಾರಿಯೂ ಮುಟ್ಟದಷ್ಟು ದೂರದಲ್ಲಿ, ಮರಕತಪುರ ಅಂತ ಒಂದು ರಾಜ್ಯವಿತ್ತು. ಅದನ್ನು ವಜ್ರಕೇತು ಎಂಬ ರಾಜ ಆಳುತ್ತಿದ್ದ. ಆ ರಾಜ್ಯದಲ್ಲಿ ಕೋಟೆಯಿತ್ತು, ಪೇಟೆಯಿತ್ತು, ಆನೆಯಿತ್ತು, ಕುದುರೆಯಿತ್ತು. ಕೆರೆ ಮಾತ್ರ ಇರಲಿಲ್ಲ. ರಾಜ ಡಂಗುರ ಹೊಡೆಸಿ ಕೆರೆ ತೋಡಲು ಜನರನ್ನು ಕರೆದ. ಎಪ್ಪತ್ತು ಜನ ಬಂದರು. ಎರಡು ವರ್ಷ ಮಣ್ಣು ಅಗೆದರು, ಮಣ್ಣು ಹೊತ್ತರು, ಆನೆ ನಡೆಯುವಷ್ಟು ಅಗಲದ ಏರಿ ಕಟ್ಟಿದರು. ಕೆರೆಯೇನೋ ಆಯಿತು. ನೀರು ಬರಲಿಲ್ಲ.

ಊರಾಚೆಯ ಕರಿಕಲ್ಲು ಗುಡ್ಡದ ಮೇಲೆ ಒಬ್ಬ ಮಾಟಗಾರನಿದ್ದ. ಅವನ ಕಣ್ಣುಗಳು ಹುತ್ತದ ಬಾಯಿಯ ಹಾಗೆ ಆಳವಾಗಿ, ಕತ್ತಲಾಗಿ ಇದ್ದವು. ಅದಕ್ಕೇ ಜನ ಅವನನ್ನು ಹುತ್ತಗಣ್ಣ ಎನ್ನುತ್ತಿದ್ದರು. ರಾಜ ಅವನ ಬಳಿಗೆ ಹೋದ.

"ನೀರು ತರಿಸುತ್ತೇನೆ," ಎಂದ ಹುತ್ತಗಣ್ಣ. "ಆದರೆ ಆ ನೀರಿನಲ್ಲಿ ಮೊದಲ ಸ್ನಾನ ನನ್ನದು. ನಾನು ಮುಳುಗಿ ಏಳುವ ತನಕ ಯಾರೂ ಕಾಲಿಡಬಾರದು."

"ಆಗಲಿ," ಎಂದ ರಾಜ.

ಮಾರನೆಯ ಬೆಳಿಗ್ಗೆ ಕೆರೆ ತುಂಬಿ ತುಳುಕುತ್ತಿತ್ತು. ರಾಜ ರಾಣಿಯೊಂದಿಗೆ ಏರಿಯ ಮೇಲೆ ಬಂದು ನೋಡಿದ. ಹಿಗ್ಗಿದ. ಹಿಗ್ಗಿದವನಿಗೆ ಹೊಟ್ಟೆಯಲ್ಲಿ ಉರಿಯೂ ಹುಟ್ಟಿತು. ನನ್ನ ಕೆರೆಯಲ್ಲಿ ಒಬ್ಬ ಮಾಟಗಾರ ಮಿಂದು ಬಿಟ್ಟ ನೀರನ್ನು ನಾನು ಮುಟ್ಟಬೇಕೇ ಅಂದುಕೊಂಡ. ಬಟ್ಟೆ ಕಳಚಿ ಇಳಿದ, ಮೂರು ಸಲ ಮುಳುಗಿದ, ಮೇಲೆ ಬಂದು ಮೈ ಒರೆಸಿಕೊಂಡ. ರಾಜನೇ ಇಳಿದದ್ದನ್ನು ಕಂಡ ಮೇಲೆ ಕೆರೆ ತೋಡಿದವರು ಸುಮ್ಮನಿರುತ್ತಾರೆಯೇ? ಎರಡು ವರ್ಷದ ಧೂಳು ಮೈಯಲ್ಲಿತ್ತು. ಎಪ್ಪತ್ತು ಜನವೂ ಕೂಗಾಡುತ್ತ, ನಗುತ್ತ ನೀರಿಗೆ ಬಿದ್ದರು.

ಹುತ್ತಗಣ್ಣ ಬಂದದ್ದು ಆಗ.

ರಾಜ ಒಣ ಬಟ್ಟೆ ಉಟ್ಟು ದಡದಲ್ಲಿದ್ದ. ನೀರಿನಲ್ಲಿದ್ದವರು ಎಪ್ಪತ್ತು ಜನ. ಹುತ್ತಗಣ್ಣ ಒಂದು ಹಿಡಿ ಬೂದಿಯನ್ನು ನೀರಿಗೆ ಎರಚಿದ. ಎಪ್ಪತ್ತು ಜನ ಎಪ್ಪತ್ತು ಬೆಳ್ಳಕ್ಕಿಗಳಾದರು. ಉದ್ದ ಕಾಲು, ಬಿಳಿ ಮೈ, ಹಾರಲು ಬಾರದ ರೆಕ್ಕೆ.

"ಈ ಕೆರೆಯಲ್ಲಿ ಒಂದೇ ಒಂದು ಹಕ್ಕಿ ಉಳಿದಿರುವ ತನಕ, ಮನಸ್ಸು ಮಾಡಿ ಯಾರು ನೀರಿಗಿಳಿದರೂ ಅವರೂ ಹಕ್ಕಿಯೇ," ಎಂದು ಹೇಳಿ ಹುತ್ತಗಣ್ಣ ಗುಡ್ಡ ಹತ್ತಿ ಹೋದ.

ರಾಜ ಒಂದು ವಾರ ಊಟ ಬಿಟ್ಟ. ಆಮೇಲೆ ಮಂತ್ರಿ ಬಂದು, ತೂಬಿನಿಂದ ಹರಿಯುವ ನೀರಿಗೆ ದೋಷವಿಲ್ಲ, ಗದ್ದೆಗಳಿಗೆ ಸರಾಗವಾಗಿ ಹೋಗುತ್ತಿದೆ ಎಂದ. ರಾಜ ಊಟ ಮಾಡಿದ.

ಆ ಊರಿನಲ್ಲಿ ದೇವೀರಿ ಅಂತ ಒಬ್ಬ ಹೆಂಗಸಿದ್ದಳು. ಬಿದಿರು ಸೀಳಿ ಬುಟ್ಟಿ ಹೆಣೆಯುವವಳು. ಕೆರೆಯ ಮಣ್ಣು ಹೊತ್ತ ಬುಟ್ಟಿಗಳೆಲ್ಲ ಅವಳ ಕೈಯಲ್ಲೇ ಆದವು. ಅವಳ ಗಂಡ ಕೆಂಚಣ್ಣ ಎಪ್ಪತ್ತರಲ್ಲಿ ಒಬ್ಬ. ರಾಜ ಇವತ್ತು ದಂಡು ಕಳಿಸುತ್ತಾನೆ, ನಾಳೆ ಕಳಿಸುತ್ತಾನೆ ಅಂತ ಅವಳು ಒಂದು ತಿಂಗಳು ಕಾದಳು. ಆಮೇಲೆ ಜಗಲಿಯ ಮೇಲೆ ಕೂತು ಬಿದಿರಿನ ಚಕ್ಕೆ ಕತ್ತರಿಸತೊಡಗಿದಳು. ಒಂದು ಚಕ್ಕೆಗೆ ಒಂದು ಹೆಸರು. ಕೆಂಚಣ್ಣನದು ಮೊದಲು. ಆಮೇಲೆ ಪಕ್ಕದ ಮನೆಯವರು, ಕೇರಿಯವರು, ಕಂಡವರು, ಕೇಳಿದವರು. ಅರವತ್ತೊಂಬತ್ತಾಯಿತು. ಎಪ್ಪತ್ತನೆಯದು ಯಾರದು ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೊನೆಗೆ ನೆನಪಾಯಿತು. ಜವನಿ. ಯಾವುದೋ ಊರಿನಿಂದ ಒಬ್ಬಳೇ ಬಂದು ಮಣ್ಣು ಹೊರಲು ಸೇರಿಕೊಂಡಿದ್ದ ಹುಡುಗಿ. ಏರಿಯ ಕೆಳಗೇ ಮಲಗುತ್ತಿದ್ದಳು. ಒಂದು ಸಲ ಬುಟ್ಟಿಯ ಅಂಚು ಬಿಚ್ಚಿಹೋಗಿದೆ ಅಂತ ದೇವೀರಿಯ ಹತ್ತಿರ ತಂದಿದ್ದಳು.

ದೇವೀರಿ ಎಪ್ಪತ್ತನೆಯ ಚಕ್ಕೆ ಕತ್ತರಿಸಿದಳು. ಎಲ್ಲವನ್ನೂ ಸೆರಗಿಗೆ ಕಟ್ಟಿಕೊಂಡು ಕರಿಕಲ್ಲು ಗುಡ್ಡದ ಕಡೆ ನಡೆದಳು.

ಗುಡ್ಡದ ಬುಡದಲ್ಲಿ ಎರಡು ತಲೆಯ ಹಾವೊಂದು ದಾರಿಗೆ ಅಡ್ಡ ಮಲಗಿತ್ತು.

"ಯಾರಿಗಾಗಿ ಬಂದೆ?" ಎಂದಿತು ಒಂದು ತಲೆ.

"ಕೆರೆಯಲ್ಲಿರೋ ಎಪ್ಪತ್ತು ಜನಕ್ಕಾಗಿ."

"ಹಾಗಾದರೆ ಎಪ್ಪತ್ತನ್ನು ನಮಗೆ ಹಂಚು," ಎಂದಿತು ಇನ್ನೊಂದು ತಲೆ. "ಇಬ್ಬರಿಗೂ ಸಮ ಬರಬೇಕು. ಒಂದು ಉಳಿದರೂ ನಿನ್ನನ್ನು ನುಂಗುತ್ತೇವೆ."

ದೇವೀರಿ ಸೆರಗು ಬಿಚ್ಚಿ, ಆ ಕಡೆಗೊಂದು ಈ ಕಡೆಗೊಂದು ಚಕ್ಕೆ ಇಡುತ್ತ ಹೋದಳು. ಮೂವತ್ತೈದು, ಮೂವತ್ತೈದು. ಹಾವು ಎರಡು ಕಡೆಯೂ ಎಣಿಸಿ ಸಮಾಧಾನಪಟ್ಟಿತು.

"ನಿನಗೆ ಎರಡು ಕೂಗು ಕೊಡುತ್ತೇವೆ. ಎರಡು ಅಂತ ಒಂದು, ಮೂವತ್ತೈದು ಅಂತ ಒಂದು. ಕೆರೆಯ ದಡದಲ್ಲಿ ನಿಂತು ಕೂಗಿದರೆ ದಡಕ್ಕೆ ಹತ್ತಿರ ಇರುವವು ಮೊದಲಾಗಿ ಅಷ್ಟು ಹಕ್ಕಿಗಳು ಮನುಷ್ಯರಾಗುತ್ತವೆ," ಎಂದಿತು. ಆಮೇಲೆ ದನಿ ತಗ್ಗಿಸಿತು. "ಮೇಲೆ ಯಾಕೆ ಹೋಗುತ್ತೀ? ನಿನ್ನ ಗಂಡನೊಬ್ಬ ಸಾಕು ಅನ್ನು. ನೀನು ಮನೆ ಮುಟ್ಟುವುದರೊಳಗೆ ಅವನು ಬಾಗಿಲಲ್ಲಿ ಕೂತಿರುತ್ತಾನೆ."

"ಎಪ್ಪತ್ತು ಜನ ಒಟ್ಟಿಗೆ ಮಣ್ಣು ಹೊತ್ತೋರು. ಒಬ್ಬನನ್ನ ಹ್ಯಾಗೆ ಕರ್ಕೊಂಡು ಹೋಗಲಿ?" ಎಂದು ದೇವೀರಿ ಚಕ್ಕೆಗಳನ್ನು ಬಾಚಿಕೊಂಡು ಮುಂದೆ ಹೋದಳು.

ಗುಡ್ಡದ ನಡುವಿನಲ್ಲಿ ಐದು ಮುಖದ ಹುಲಿಯಿತ್ತು. ಐದೂ ಮುಖಗಳು ಒಂದನ್ನು ಕಂಡರೆ ಒಂದಕ್ಕಾಗದೆ ಗುರುಗುಟ್ಟುತ್ತಿದ್ದವು. ಅದೂ ಅದೇ ಮಾತು ಕೇಳಿತು, ಅದೇ ಬೆದರಿಕೆ ಹಾಕಿತು. ದೇವೀರಿ ಹುಲಿಯ ಸುತ್ತ ಸುತ್ತುತ್ತ ಮುಖಕ್ಕೊಂದರಂತೆ ಚಕ್ಕೆ ಇಟ್ಟಳು. ಹದಿನಾಲ್ಕು ಸುತ್ತಿಗೆ ಸೆರಗು ಖಾಲಿಯಾಯಿತು. ಐದು ಅಂತ ಒಂದು ಕೂಗು, ಹದಿನಾಲ್ಕು ಅಂತ ಒಂದು ಕೂಗು ಸಿಕ್ಕಿತು.

"ಗಂಡನೊಬ್ಬ ಸಾಕು ಅನ್ನು," ಎಂದವು ಐದೂ ಬಾಯಿಗಳು. "ಇಲ್ಲಿಂದ ಮೇಲೆ ಹೋದವರು ಬದುಕಿ ಬಂದದ್ದಿಲ್ಲ."

ದೇವೀರಿ ಒಮ್ಮೆ ತಿರುಗಿ ಬಂದ ದಾರಿ ನೋಡಿದಳು. ಆದರೂ, "ಎಪ್ಪತ್ತು ಜನ ಬೇಕು," ಎಂದಳು.

ತುದಿಗೆ ಹತ್ತಿರ ಏಳು ತಲೆಯ ಕಾಡುಕೋಣ ನಿಂತಿತ್ತು. ಏಳು ತಲೆ, ಹದಿನಾಲ್ಕು ಕೊಂಬು. ಅದಕ್ಕೂ ಹಂಚಿದಳು. ತಲೆಗೆ ಹತ್ತು. ಏಳು ಅಂತ ಒಂದು ಕೂಗು, ಹತ್ತು ಅಂತ ಒಂದು ಕೂಗು.

"ನಿನ್ನ ಗಂಡನ ಹಕ್ಕಿ ಮೇವು ಬಿಟ್ಟಿದೆ," ಎಂದಿತು ಕೋಣ. "ನೀನು ಇಳಿದು ಹೋಗುವುದರೊಳಗೆ ಸತ್ತೇ ಹೋಗಬಹುದು. ಅವನೊಬ್ಬ ಸಾಕು ಅನ್ನು, ಈಗಲೇ ಬಿಡಿಸುತ್ತೇನೆ."

ದೇವೀರಿ ಅಲ್ಲೇ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಅತ್ತಳು. ಕೋಣ ಕಾಯುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಎದ್ದಳು. "ಎಪ್ಪತ್ತು," ಎಂದಳು. ಕೋಣ ದಾರಿ ಬಿಟ್ಟಿತು.

ಹುತ್ತಗಣ್ಣ ಗುಡ್ಡದ ನೆತ್ತಿಯಲ್ಲಿ ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದ. ಅವಳನ್ನು ಕಂಡು ಕೋಪ ಮಾಡಿಕೊಳ್ಳಲಿಲ್ಲ.

"ರಾಜ ಬರುತ್ತಾನೆ ಅಂದುಕೊಂಡಿದ್ದೆ. ಬುಟ್ಟಿ ಹೆಣೆಯುವವಳು ಬಂದಳು," ಎಂದ. "ಒಂದು ಅನ್ನುವ ಕೂಗು ನನ್ನ ಹತ್ತಿರ ಇದೆ. ತಗೋ, ಅದೂ ನಿನಗೆ."

ದೇವೀರಿ ಕೈಮುಗಿದಳು. "ಎಪ್ಪತ್ತು ಅಂತ ಒಂದೇ ಕೂಗು ಕೊಟ್ಟುಬಿಡು ಸ್ವಾಮಿ. ಒಂದೇ ಸಲಕ್ಕೆ ಮುಗಿದುಹೋಗ್ತದೆ."

"ಎಪ್ಪತ್ತು ನನ್ನದು. ಅದನ್ನು ಕೊಡುವುದಿಲ್ಲ. ಎಪ್ಪತ್ತನ್ನು ಶೇಷವಿಲ್ಲದೆ ಭಾಗಿಸುವ ಮಿಕ್ಕ ಲೆಕ್ಕಗಳೆಲ್ಲ ನಿನ್ನ ಕೈ ಸೇರಿವೆ. ಒಂದು, ಎರಡು, ಐದು, ಏಳು, ಹತ್ತು, ಹದಿನಾಲ್ಕು, ಮೂವತ್ತೈದು. ಒಂದೊಂದನ್ನು ಒಂದೇ ಸಲ ಕೂಗಬಹುದು. ನೀನೇ ಕೂಗಬೇಕು, ಬೇರೆಯವರು ಕೂಗಿದರೆ ಆಗದು. ಕೂಗಿದಷ್ಟು ಹಕ್ಕಿ ನೀರಿನಲ್ಲಿ ಇರಲೇಬೇಕು. ಹತ್ತು ಅಂತ ಕೂಗಿದಾಗ ಒಂಬತ್ತೇ ಇದ್ದರೆ ಆ ಒಂಬತ್ತೂ ಸಾಯುವ ತನಕ ಹಕ್ಕಿಗಳೇ."

ದೇವೀರಿ ಬೆರಳು ಮಡಿಸಿ ಕೂಡಿಸಿದಳು. ಎಪ್ಪತ್ತನಾಲ್ಕು ಬಂತು. ಮತ್ತೆ ಕೂಡಿಸಿದಳು. ಎಪ್ಪತ್ತನಾಲ್ಕೇ. ಅವಳ ಮುಖ ಅರಳಿತು. "ನಾಲ್ಕು ಹೆಚ್ಚೇ ಕೊಟ್ಟಿದೀಯ!"

"ಹೆಚ್ಚೇ ಕೊಟ್ಟಿದ್ದೇನೆ," ಎಂದ ಹುತ್ತಗಣ್ಣ. "ಕೆರೆಯಲ್ಲಿ ಹತ್ತೇ ಜನ ಇದ್ದಿದ್ದರೆ ಒಂದು, ಎರಡು, ಐದು ಸೇರಿ ಎಂಟೇ, ಕೂಗುಗಳು ಸಾಲುತ್ತಿರಲಿಲ್ಲ. ಹನ್ನೆರಡು ಜನ ಇದ್ದಿದ್ದರೆ ಆರು, ನಾಲ್ಕು, ಎರಡು ಅಂತ ಮೂರು ಕೂಗಿಗೆ ಎಲ್ಲರೂ ಮನೆ ಸೇರುತ್ತಿದ್ದರು. ಎಪ್ಪತ್ತು ಅಂಥ ಸಂಖ್ಯೆಯಲ್ಲ. ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಇದೆ, ಆದರೂ ಕೂಡಿ ಬರುವುದಿಲ್ಲ. ಹೋಗು, ಕೂಡಿಸಿ ನೋಡು."

ದೇವೀರಿ ಇಳಿಜಾರಿನಲ್ಲಿ ಕೂತು ಚಕ್ಕೆಗಳನ್ನು ಹರಡಿಕೊಂಡಳು. ನಾಲ್ಕು ಹೆಚ್ಚಿದೆ, ನಾಲ್ಕನ್ನು ಬಿಟ್ಟುಬಿಟ್ಟರೆ ಸರಿಹೋಗುತ್ತದೆ. ಆದರೆ ನಾಲ್ಕು ಅನ್ನುವ ಕೂಗೇ ಅವಳ ಹತ್ತಿರ ಇರಲಿಲ್ಲ. ಒಂದನ್ನೂ ಎರಡನ್ನೂ ಬಿಟ್ಟರೆ ಮೂರು ಬಿಟ್ಟಂತಾಯಿತು, ಎಪ್ಪತ್ತೊಂದು ಹಕ್ಕಿ ಬೇಕಾಗುತ್ತದೆ, ಒಂದು ಕಡಿಮೆ. ಐದನ್ನು ಬಿಟ್ಟರೆ ಅರವತ್ತೊಂಬತ್ತಾಗುತ್ತದೆ, ಒಂದು ಹಕ್ಕಿ ಕೆರೆಯಲ್ಲೇ ಉಳಿಯುತ್ತದೆ. ಹೇಗೆ ಇಟ್ಟರೂ, ಹೇಗೆ ತೆಗೆದರೂ ಅಷ್ಟೇ. ಅಷ್ಟು ವರ್ಷ ಬಿದಿರು ಎಣಿಸಿದ ಕೈ ಅವಳದು. ತಪ್ಪು ತನ್ನದಲ್ಲ, ಎಪ್ಪತ್ತು ಇರುವುದೇ ಹೀಗೆ ಅಂತ ಬಿಸಿಲು ನೆತ್ತಿಗೇರುವ ಹೊತ್ತಿಗೆ ಅವಳಿಗೆ ಗೊತ್ತಾಯಿತು.

ಆಮೇಲೆ ಇನ್ನೊಂದು ಮಾತು ಹೊಳೆಯಿತು. ಎಪ್ಪತ್ತೊಂದು ಹಕ್ಕಿ ಬೇಕು, ಅಷ್ಟೇ ತಾನೇ? ಯಾರಾದರೂ ಒಬ್ಬರು ಮನಸ್ಸು ಮಾಡಿ ನೀರಿಗಿಳಿದರೆ ಎಪ್ಪತ್ತೊಂದಾಗುತ್ತದೆ. ಇಳಿದವರೂ ಅದೇ ಕೂಗಿಗೆ ಹೊರಗೆ ಬರುತ್ತಾರೆ. ಒಬ್ಬರು. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು.

ಇಡೀ ಮರಕತಪುರದಲ್ಲಿ ಒಬ್ಬರು ಸಿಗುವುದಿಲ್ಲವೇ? ದೇವೀರಿ ಓಡೋಡುತ್ತ ಗುಡ್ಡ ಇಳಿದಳು.

ಸುದ್ದಿ ಕೇಳಿ ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ರಾಜ ಪಲ್ಲಕ್ಕಿಯಲ್ಲಿ ಬಂದ. ದೇವೀರಿ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಮೊದಲು ಕೂಗು ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ," ಎಂದ ರಾಜ. "ಆಮೇಲೆ ಒಬ್ಬರು ಇಳಿದರಾಯಿತು. ಅದೇನು ದೊಡ್ಡ ಮಾತು?"

ಮನೆಯವರು ದಡಕ್ಕೆ ಬಂದು ತಮ್ಮತಮ್ಮವರನ್ನು ಕರೆದರು. ಕರೆದಂತೆಲ್ಲ ಹಕ್ಕಿಗಳು ಉದ್ದ ಕಾಲು ಎತ್ತಿಡುತ್ತ ಅವರ ಮುಂದೆ ಬಂದು ನಿಂತವು. ಕೆಂಚಣ್ಣನ ಹಕ್ಕಿ ದೇವೀರಿಯ ಎದುರಿಗೆ ಬಂತು. ಒಂದು ಹಕ್ಕಿ ಮಾತ್ರ ನಡುನೀರಿನಲ್ಲಿ ನಿಂತೇ ಇತ್ತು. ಅದನ್ನು ಕರೆಯುವವರು ಯಾರೂ ಇರಲಿಲ್ಲ.

ದೇವೀರಿ ಕೂಗಿದಳು. "ಮೂವತ್ತೈದು!"

ಮೂವತ್ತೈದು ಬೆಳ್ಳಕ್ಕಿಗಳು ಮೂವತ್ತೈದು ಜನರಾಗಿ, ನೀರು ಸುರಿಸುತ್ತ, ಕೆಮ್ಮುತ್ತ ದಡ ಹತ್ತಿದರು. ಏರಿಯ ಮೇಲೆ ಕಿರುಚಾಟ, ಅಳು, ನಗು. ಗುಡ್ಡದ ಮೇಲೆ ಹುತ್ತಗಣ್ಣ ಅಷ್ಟಕ್ಕೇ ಕುಗ್ಗಿ ಅರ್ಧ ಆಳಾದ. ಅವನ ಶಕ್ತಿಯೆಲ್ಲ ಆ ಹಕ್ಕಿಗಳಲ್ಲೇ ಇತ್ತು.

"ಹದಿನಾಲ್ಕು!" ಎಂದಳು. "ಹತ್ತು!" ಎಂದಳು. ಆ ಹತ್ತರಲ್ಲಿ ಕೆಂಚಣ್ಣ ಬಂದ. ಬಂದವನೇ ಅವಳ ಭುಜ ಹಿಡಿದುಕೊಂಡು ಗಡಗಡ ನಡುಗಿದ. "ಏಳು!" ಎಂದಳು.

ಅರವತ್ತಾರು ಜನ ದಡದಲ್ಲಿದ್ದರು. ನೀರಿನಲ್ಲಿ ನಾಲ್ಕು ಹಕ್ಕಿಗಳಿದ್ದವು. ಅವಳ ಹತ್ತಿರ ಒಂದು, ಎರಡು, ಐದು ಅನ್ನುವ ಮೂರು ಕೂಗುಗಳಿದ್ದವು.

"ಈಗ ಒಬ್ಬರು ಇಳಿಯಿರಿ," ಎಂದಳು ದೇವೀರಿ. "ಐದಾಗ್ತದೆ. ಐದು ಅಂತ ಕೂಗಿಬಿಡ್ತೀನಿ. ಎಲ್ಲರೂ ಬರ್ತಾರೆ. ನಾನೇ ಇಳಿಯೋಣ ಅಂದ್ರೆ ಕೂಗೋರಿಲ್ಲ."

ಯಾರೂ ಮುಂದೆ ಬರಲಿಲ್ಲ. ದೇವೀರಿ ರಾಜನ ಕಡೆ ನೋಡಿದಳು. ರಾಜ ಮಂತ್ರಿಯ ಕಡೆ ನೋಡಿದ.

"ಪ್ರಭುಗಳು ಕ್ಷಣ ಹೊತ್ತು ಹಕ್ಕಿಯಾದರೂ ಆ ಕ್ಷಣ ರಾಜ್ಯಕ್ಕೆ ರಾಜನಿಲ್ಲದಂತಾಗುತ್ತದೆ," ಎಂದ ಮಂತ್ರಿ. "ಶಾಸ್ತ್ರ ಒಪ್ಪುವುದಿಲ್ಲ."

"ನೀವು?"

"ನನಗೆ ಮೊದಲೇ ಶೀತದ ಮೈ."

ದೇವೀರಿ ನಾಲ್ಕು ಹಕ್ಕಿಗಳ ಮನೆಯವರ ಕಡೆ ತಿರುಗಿದಳು. ಎರಡು ಹಕ್ಕಿಗಳು ಸಾಕವ್ವ ಎಂಬ ಮುದುಕಿಯ ಹೆಣ್ಣುಮಕ್ಕಳು. ಇನ್ನೊಂದು ಕುಂಬಾರ ಮುದ್ದಯ್ಯನ ಮಗ. ನಾಲ್ಕನೆಯದು ನಡುನೀರಿನಲ್ಲಿದ್ದ ಜವನಿ.

"ಸಾಕವ್ವ, ನೀನು ತಾಯಿ. ನಿನ್ನ ಮಕ್ಕಳ ಪಕ್ಕದಲ್ಲೇ ನಿಲ್ತೀಯ. ಒಂದು ಗಳಿಗೆ."

ಸಾಕವ್ವ ಕಣ್ಣೊರೆಸಿಕೊಂಡಳು. "ನನ್ನ ಮಕ್ಕಳು ಎರಡು ಅನ್ನೋ ಕೂಗಿಗೆ ಬರ್ತವಲ್ಲ ದೇವೀರಿ? ಮುದ್ದಯ್ಯನ ಮಗ ಒಂದು ಅನ್ನೋದಕ್ಕೆ ಬರ್ತಾನೆ. ನಾನ್ಯಾಕೆ ಇಳೀಲಿ? ಹೆಚ್ಚುಕಡಿಮೆ ಆದ್ರೆ ಅವಕ್ಕೆ ತಾಯಿ ಎಲ್ಲಿಂದ ತರ್ತೀಯ?"

"ಆಗ ಜವನಿ ಉಳಿದುಹೋಗ್ತಾಳೆ."

"ಜವನಿ ಯಾರು?" ಎಂದ ಮುದ್ದಯ್ಯ. ಅವನು ಕೆಟ್ಟವನಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ.

ದೇವೀರಿ ಬಿಡುಗಡೆಯಾದ ಅರವತ್ತಾರು ಜನರನ್ನು ಕೇಳಿದಳು. ಎರಡು ವರ್ಷ ಜವನಿಯ ಜೊತೆ ಮಣ್ಣು ಹೊತ್ತವರು ಅವರು. ಕೂಗು ಕೆಲಸ ಮಾಡುವುದನ್ನು ಮೈಯಲ್ಲೇ ಕಂಡವರು. ಒಬ್ಬಳು ಮಗುವಿಗೆ ಹಾಲು ಕೊಡಬೇಕು ಎಂದಳು. ಒಬ್ಬ ಕಾಲು ಮರಗಟ್ಟಿದೆ ಎಂದ. ಒಬ್ಬ, ನಾಳೆ ನೋಡೋಣ ಎಂದ. ಉಳಿದವರು ನೆಲ ನೋಡಿದರು.

ಕೊನೆಗೆ ಅವಳು ಗಂಡನ ಮುಖ ನೋಡಿದಳು. ಕೇಳಲೂ ಇಲ್ಲ, ನೋಡಿದಳಷ್ಟೇ.

"ಬೇಡ ದೇವೀರಿ," ಎಂದ ಕೆಂಚಣ್ಣ. "ನೀನು ಏನು ಹೇಳಿದ್ರೂ ಮಾಡ್ತೀನಿ. ಆ ನೀರಿಗೆ ಮಾತ್ರ ಇಳಿಯಲ್ಲ. ಎಲ್ಲ ಕೇಳಿಸ್ತದೆ ಕಣೇ ಅಲ್ಲಿ. ನೀನು ದಡದಲ್ಲಿ ಅಳೋದೆಲ್ಲ ಕೇಳಿಸ್ತಿತ್ತು. ಬಾಯಿ ಬಿಟ್ರೆ ಬರೀ ಹಕ್ಕಿ ದನಿ."

"ನಾನು ಇಲ್ಲೇ ಇರ್ತೀನಲ್ಲ. ಕೂಗ್ತೀನಲ್ಲ."

ಕೆಂಚಣ್ಣ ಆಗದು ಎಂದು ತಲೆಯಾಡಿಸಿದ. ನೀರಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

ಹೊತ್ತು ಇಳಿಯಿತು. ರಾಜ ಅರಮನೆಗೆ ಹೊರಟುಹೋದ. ಜನ ತಮ್ಮವರನ್ನು ಕರೆದುಕೊಂಡು ಒಬ್ಬೊಬ್ಬರಾಗಿ ಮನೆಗೆ ಹೋಗತೊಡಗಿದರು. ಸಾಕವ್ವ ದೇವೀರಿಯ ಕಾಲು ಹಿಡಿದುಕೊಂಡಳು. "ನನ್ನ ಮಕ್ಕಳನ್ನ ಯಾಕೆ ನೀರಲ್ಲಿ ನಿಲ್ಲಿಸಿಕೊಂಡಿದೀಯ? ನಿನ್ನ ಗಂಡ ಬಂದ ಅಲ್ವಾ? ನಿನ್ನ ಗಂಡ ಬಂದ ಅಲ್ವಾ?" ಮುದ್ದಯ್ಯ ಕೈಮುಗಿದು ನಿಂತಿದ್ದ. ಕೆಂಚಣ್ಣ ಅವಳ ಸೆರಗು ಎಳೆದು, "ಸಾಕು, ಕೂಗಿಬಿಡು, ಮನೆಗೆ ಹೋಗೋಣ," ಎಂದ.

ದೇವೀರಿಗೂ ದಣಿವಾಗಿತ್ತು. ಇನ್ನೊಂದು ದಿನ ಕಾದಿದ್ದರೆ ಯಾರಾದರೂ ಬರುತ್ತಿದ್ದರೋ ಏನೋ. ಆಮೇಲೆ ಬದುಕಿನುದ್ದಕ್ಕೂ ಅವಳು ಅದನ್ನೇ ಯೋಚಿಸಿದಳು. ಆ ಸಂಜೆ ಮಾತ್ರ ಅವಳಿಂದ ಆಗಲಿಲ್ಲ.

"ಎರಡು," ಎಂದಳು. ಸಾಕವ್ವನ ಮಕ್ಕಳು ಬಂದು ತಾಯಿಯ ಕುತ್ತಿಗೆಗೆ ಬಿದ್ದರು.

"ಒಂದು," ಎಂದಳು. ಮುದ್ದಯ್ಯನ ಮಗ ಬಂದ.

ನೀರಿನಲ್ಲಿ ಒಂದು ಹಕ್ಕಿ ಉಳಿಯಿತು. ಅವಳ ಹತ್ತಿರ ಐದು ಅನ್ನುವ ಒಂದು ಕೂಗು ಉಳಿಯಿತು. ಒಬ್ಬರು ಸಾಕಾಗಿದ್ದ ಕಡೆ ಈಗ ನಾಲ್ವರು ಬೇಕಾಗಿತ್ತು.

ಗುಡ್ಡದ ಮೇಲೆ ಹುತ್ತಗಣ್ಣ ಹಲ್ಲಿಯಷ್ಟಾಗಿ ಬಂಡೆಯ ಸಂದಿಗೆ ಸೇರಿಕೊಂಡ. ಇನ್ನು ಅವನಿಂದ ಯಾರಿಗೂ ಕೇಡಿಲ್ಲ ಅಂತ ಗೊತ್ತಾದ ಮೇಲೆ ಊರಿನಲ್ಲಿ ಮೂರು ದಿನ ಹಬ್ಬ ನಡೆಯಿತು. ರಾಜ ಏರಿಯ ಮೇಲೆ ಒಂದು ಶಾಸನ ನಿಲ್ಲಿಸಿದ. ವಜ್ರಕೇತು ಮಹಾರಾಜರು ಮಾಟಗಾರನನ್ನು ಅಡಗಿಸಿ ಪ್ರಜೆಗಳೆಲ್ಲರನ್ನೂ ಬಿಡಿಸಿದರು ಅಂತ ಅದರಲ್ಲಿ ಬರೆಸಿದ. ಎಲ್ಲರನ್ನೂ ಎಂಬ ಮಾತನ್ನು ದಪ್ಪಕ್ಷರದಲ್ಲಿ ಕೆತ್ತಿದ್ದರು.

ಅವತ್ತಿನಿಂದ ದೇವೀರಿ ನಾಲ್ಕು ಜನರನ್ನು ಹುಡುಕಿದಳು. ಬುಟ್ಟಿ ಮಾರಲು ಹೋದ ಮನೆಗಳಲ್ಲೆಲ್ಲ ಕೇಳಿದಳು. ಮೊದಮೊದಲು ಜನ ಕೂರಿಸಿ ಸಮಾಧಾನ ಹೇಳುತ್ತಿದ್ದರು. ಆಮೇಲೆ ಅವಳು ಬೀದಿಯ ತಿರುವಿನಲ್ಲಿ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ವರ್ಷ ಒಬ್ಬ ಸನ್ಯಾಸಿ ಒಪ್ಪಿದ. ಒಬ್ಬನಿಂದ ಏನಾಗಬೇಕು? ಇನ್ನೂ ಮೂವರು ಸಿಗುವ ತನಕ ಇರಪ್ಪ ಅಂದಳು. ಆರು ತಿಂಗಳು ಕಾದು ಅವನು ಹೊರಟುಹೋದ. ಇನ್ನೊಂದು ಸಲ ಮೂವರು ಬಂದರು. ಸಾಕವ್ವನ ಕಿರಿಮಗಳೂ ಅವರಲ್ಲಿದ್ದಳು. ನಾಲ್ಕನೆಯವರು ಬರುತ್ತೇನೆ ಅಂದಿದ್ದರು, ಬರಲಿಲ್ಲ. ಮೂವರೂ ಮುಳುಗುವ ಸೂರ್ಯನನ್ನು ನೋಡುತ್ತ ಏರಿಯ ಮೇಲೆ ಕೂತಿದ್ದು ಎದ್ದುಹೋದರು. ಮರುವರ್ಷ ಸಾಕವ್ವನ ಮಗಳಿಗೆ ಮದುವೆಯಾಯಿತು, ಗಂಡನ ಮನೆಯವರು ಕೆರೆಯ ಕಡೆ ಹೋಗಬೇಡ ಎಂದರು.

ಕೆಂಚಣ್ಣ ದೇವೀರಿಯ ಜೊತೆ ಸಂಸಾರ ಮಾಡಿಕೊಂಡಿದ್ದ. ಒಳ್ಳೆಯ ಗಂಡನೇ ಆಗಿದ್ದ. ಮನೆಯ ಬಿದ್ದ ಸೂರು ಎತ್ತಿಸಿದ, ಬಿದಿರು ಕಡಿದು ತಂದ. ಕೆರೆಯ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ಹತ್ತು ವರ್ಷದ ಮೇಲೆ ಅವಳೂ ಆ ಮಾತು ಎತ್ತುವುದನ್ನು ಬಿಟ್ಟಳು.

ವಜ್ರಕೇತು ಸತ್ತ. ಅವನ ಮಗ ಪಟ್ಟಕ್ಕೆ ಬಂದ. ಅವನ ಹತ್ತಿರವೂ ದೇವೀರಿ ಹೋದಳು. ಶಾಸನದಲ್ಲಿ ಎಲ್ಲರನ್ನೂ ಬಿಡಿಸಿದ್ದಾರೆ ಅಂತ ಬರೆದಿದೆಯಲ್ಲ ಅಜ್ಜಿ, ಎಂದು ಹೊಸ ರಾಜ ನಗುತ್ತ ಕಳಿಸಿಕೊಟ್ಟ.

ಹೀಗೆ ಮೂವತ್ತೊಂದು ವರ್ಷ ಕಳೆಯಿತು.

ಒಂದು ಮಧ್ಯಾಹ್ನ ದೇವೀರಿ ಏರಿಯ ಮೇಲೆ ಕೂತಿದ್ದಳು. ಸೊಂಟ ಬಾಗಿತ್ತು, ಕಣ್ಣು ಮಂಜಾಗಿತ್ತು. ಕತ್ತೆಗಳ ಮೇಲೆ ಉಪ್ಪಿನ ಚೀಲ ಹೇರಿಕೊಂಡು ನಾಲ್ಕು ಜನ ಆ ದಾರಿಯಲ್ಲಿ ಬಂದರು. ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಬಿಸಿಲಿಗೆ ಬಸವಳಿದಿದ್ದರು. ಒಬ್ಬ ಕೆರೆಗೆ ಇಳಿಯಲು ಹೋದ.

"ಇಳೀಬೇಡಪ್ಪ," ಎಂದಳು ದೇವೀರಿ. "ಹಕ್ಕಿಯಾಗಿಬಿಡ್ತೀಯ."

"ಅದ್ಯಾಕಜ್ಜಿ?" ಎಂದು ಅವನು ಕೂತ. ಉಳಿದವರೂ ಕೂತರು. ದೇವೀರಿ ಹೇಳಿದಳು. ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಈಗ ಅವಳ ದನಿಯಲ್ಲಿ ಆಸೆಯೂ ಇರಲಿಲ್ಲ. ದಾರಿಹೋಕರಿಗೆ ಊರಿನ ಸುದ್ದಿ ಹೇಳುವ ಹಾಗೆ ಹೇಳಿದಳು.

ಉಪ್ಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾವು ನಾಲ್ಕು ಜನ ಇದೀವಲ್ಲ," ಎಂದಳು ಅವರಲ್ಲಿ ಹಿರಿಯಳು.

"ಹೂಂ."

"ಇಳಿದ ತಕ್ಷಣ ನೀನು ಕೂಗ್ತೀಯ ತಾನೇ?"

"ಕೂಗ್ತೀನಿ."

"ಇಷ್ಟೇನಾ?" ಎಂದ ಮೊದಲನೆಯವನು. "ಕತ್ತೆ ಸ್ವಲ್ಪ ನೋಡ್ಕೋ ಅಜ್ಜಿ."

ನಾಲ್ವರೂ ಕೈ ಕೈ ಹಿಡಿದುಕೊಂಡು ನೀರಿಗಿಳಿದರು. ನಾಲ್ಕು ಬೆಳ್ಳಕ್ಕಿಗಳಾದರು. ನಡುನೀರಿನಲ್ಲಿದ್ದ ಹಕ್ಕಿ ಕತ್ತೆತ್ತಿ ನೋಡಿತು. ದೇವೀರಿ ಕೂಗಲು ಹೋದರೆ ದನಿ ಬರಲಿಲ್ಲ. ಎದೆಗೆ ಗುದ್ದಿಕೊಂಡು, ಇದ್ದಬದ್ದ ಉಸಿರೆಲ್ಲ ಕೂಡಿಸಿ, "ಐದು!" ಎಂದು ಕಿರುಚಿದಳು.

ಐದು ಜನ ದಡಕ್ಕೆ ಬಂದರು. ಗುಡ್ಡದ ಮೇಲೆ ಬಂಡೆಯ ಸಂದಿಯಲ್ಲಿದ್ದ ಹಲ್ಲಿ ಒಂದು ಚಿಟಿಕೆ ಬೂದಿಯಾಯಿತು. ಗಾಳಿಗೆ ಅದೂ ಹೋಯಿತು.

ಜವನಿ ಇಳಿದಾಗ ಎಷ್ಟು ವಯಸ್ಸಿನವಳಾಗಿದ್ದಳೋ ಅಷ್ಟೇ ವಯಸ್ಸಿನವಳಾಗಿ ಎದ್ದುಬಂದಳು. ಒದ್ದೆ ಕೂದಲು ಹಿಂಡಿಕೊಂಡು, ಏರಿಯನ್ನೂ ಶಾಸನವನ್ನೂ ಕೆಳಗೆ ಹಸಿರಾಗಿದ್ದ ಗದ್ದೆಗಳನ್ನೂ ನೋಡಿದಳು. ದೇವೀರಿ ಅವಳ ಕಾಲಿಗೆ ಬೀಳಲು ಹೋದಳು. ಜವನಿ ಹಿಂದೆ ಸರಿದಳು.

"ಮನೆಗೆ ಬಾ ತಾಯಿ," ಎಂದಳು ದೇವೀರಿ. "ಬಿಸಿಯಾಗಿ ಎರಡು ತುತ್ತು ಉಣ್ಣು. ಇನ್ನು ಮೇಲೆ ಅದೇ ನಿನ್ನ ಮನೆ. ನೀನು ನನ್ನವಳು."

"ಈ ಮಾತು ಅವತ್ತು ಅಂದಿದ್ರೆ ಬರ್ತಿದ್ದೆ ಅಕ್ಕ," ಎಂದಳು ಜವನಿ. ಅವತ್ತು ಬುಟ್ಟಿ ತಂದಾಗ ಅಕ್ಕ ಎಂದಿದ್ದವಳು ಈಗಲೂ ಅಕ್ಕ ಎಂದಳು. ಎದುರಿಗಿದ್ದವಳು ಹಣ್ಣುಹಣ್ಣು ಮುದುಕಿ. "ಏರಿ ತುಂಬ ಜನ ನಿಂತಿದ್ರಿ. ಇವಳು ನಮ್ಮೋಳು ಅಂತ ಒಬ್ಬರಾದ್ರೂ ಅನ್ನಬಹುದಿತ್ತು."

"ಮೂವತ್ತೊಂದು ವರ್ಷ ತಿರುಗಿದೆ, ತಾಯಿ."

"ಗೊತ್ತು. ಎಲ್ಲ ಕೇಳಿಸ್ತಿತ್ತು. ಅದಕ್ಕೇ ನಿನ್ನ ಹತ್ತಿರ ಮಾತಾಡ್ತಾ ಇದೀನಿ."

ಉಪ್ಪಿನವರು ಕತ್ತೆಗಳನ್ನು ಎಬ್ಬಿಸುತ್ತಿದ್ದರು. ಜವನಿ ಅವರ ಹತ್ತಿರ ಹೋಗಿ, ಯಾವ ಕಡೆ ಹೊರಟಿದ್ದೀರಿ ಎಂದು ಕೇಳಿದಳು. ಹಿರಿಯಳು ಕೈ ತೋರಿಸಿದಳು. ಜವನಿ ಒಂದು ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡು ಅವರ ಹಿಂದೆ ನಡೆದಳು. ತಿರುಗಿ ನೋಡಲಿಲ್ಲ.

ದೇವೀರಿ ಮನೆಗೆ ಬಂದು, "ಜವನಿ ಬಂದಳು," ಎಂದಳು. ಕೆಂಚಣ್ಣ ಚಾಪೆಯ ಮೇಲೆ ಮಲಗಿದ್ದ. ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಗೋಡೆಗೆ ಮುಖ ಮಾಡಿಯೇ, "ಯಾರು ಇಳಿದ್ರು?" ಎಂದು ಕೇಳಿದ.

"ಯಾರೋ. ಈ ಊರೋರಲ್ಲ."

ಮಾಟಗಾರ ಅಳಿದ, ಮಾಟ ಕಳೆಯಿತು, ಮರಕತಪುರದವರೆಲ್ಲ ಮಕ್ಕಳು ಮರಿಗಳೊಂದಿಗೆ ಸುಖವಾಗಿದ್ದರು ಅಂತ ಇಲ್ಲಿಗೆ ಕತೆ ಮುಗಿಸಬೇಕು. ಅದೇನೂ ಸುಳ್ಳಲ್ಲ. ಸುಖವಾಗಿಯೇ ಇದ್ದರು. ಆ ಮೂವತ್ತೊಂದು ವರ್ಷವೂ ಅವರು ಸುಖವಾಗಿಯೇ ಇದ್ದರು.